ಉಣುಗು, ಜಂತುಹುಳು, ಗೊರಕೆ ರೋಗ: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು, ಜತ್ತ, ಅಕ್ಕಲಕೋಟೆ, ಮಡಕಶಿರಾ, ಡೆಂಕಣಿಕೋಟೆ ಮತ್ತು ತಾಳವಾಡಿ ಕಡೆಯವು. ಎಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಜಾನುವಾರುಗಳ ಪರೋಪಜೀವಿಗಳ ಕುರಿತೇ ಇರುವುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಇಟ್ಟುಕೊಂಡು ಇವುಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಿದ್ದೇನೆ. ಯಾವ ಔಷಧಿ ಕೊಡಬೇಕು ಎಂದು ಬಹುತೇಕ ಎಲ್ಲರೂ ಕೇಳಿದ್ದಾರೆ. ಈ ಹುಳು ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕದೆ ಮೊದಲನೆಯದರ ಉತ್ತರ ಕೆಲಸಕ್ಕೆ ಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ನಮ್ಮಲ್ಲಿ ಜರ್ಸಿ ಮಿಶ್ರತಳಿಯ ಹಸುಗಳೂ ಒಂದು ಕಾಸರಗೋಡು ಗಿಡ್ಡ ದನವೂ ಇವೆ. ಹಟ್ಟಿ ಮುರಕಲ್ಲಿನದು, ಸೊಪ್ಪು ಹಾಸುತ್ತೇವೆ. ವಾರಕ್ಕೊಮ್ಮೆ ಡೆಲ್ಟಾಮೆಥ್ರಿನ್ ಹಾಕಿದರೂ ಉಣುಗು ಹೋಗುವುದಿಲ್ಲ. ಅಂಗಡಿಯವರು ಬದಲಿಗೆ ಸೈಪರ್‌ಮೆಥ್ರಿನ್ ಕೊಟ್ಟರು, ಅದರಿಂದಲೂ ಪ್ರಯೋಜನವಾಗಲಿಲ್ಲ. ಈಚೆಗೆ ಒಂದು ಹಸುವಿಗೆ ಜ್ವರ ಬಂದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಗಿಡ್ಡ ದನಕ್ಕೆ ಮಾತ್ರ ಉಣುಗು ಕಡಿಮೆ. ಇದೇಕೆ ಹೀಗೆ? — ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಹಟ್ಟಿಯ ಗೋಡೆಯನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ. ಮುರಕಲ್ಲಿನ ತೂತುಗಳಲ್ಲಿ, ಕಲ್ಲು ಕಲ್ಲಿನ ಸಂದಿಯಲ್ಲಿ, ಗೋದಲೆಯ ಅಡಿಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಮೊಟ್ಟೆಗಳ ರಾಶಿಯೂ, ಅದರ ಪಕ್ಕದಲ್ಲೇ ಬತ್ತಿಹೋದ ತಾಯಿ ಉಣುಗೂ ಕಾಣಸಿಗುತ್ತವೆ. ರಕ್ತ ಕುಡಿದು ಹರಳಿನ ಬೀಜದಷ್ಟು ದಪ್ಪಗಾದ ಹೆಣ್ಣು ಉಣುಗು ದನದ ಮೈಯಿಂದ ಕಳಚಿ ಬಿದ್ದು, ಇಂತಹ ಕತ್ತಲ ಸಂದಿಯನ್ನು ಸೇರಿ, ಎರಡರಿಂದ ಮೂರು ಸಾವಿರ ಮೊಟ್ಟೆಗಳನ್ನು ಇಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಮರಿಗಳು ಆಹಾರವಿಲ್ಲದೆಯೇ ತಿಂಗಳುಗಟ್ಟಲೆ ಕಾಯಬಲ್ಲವು. ನಮ್ಮಲ್ಲಿ ಹೆಚ್ಚಾಗಿ ಕಾಣುವ ದನದ ಉಣುಗು ಮರಿಯಾಗಿ ಮೈಯೇರಿದ ಮೇಲೆ ಸುಮಾರು ಮೂರು ವಾರಗಳಷ್ಟೇ ಅಲ್ಲಿರುತ್ತದೆ. ಉಳಿದ ಆಯುಷ್ಯವೆಲ್ಲ ಗೋಡೆಯಲ್ಲಿ, ನೆಲದಲ್ಲಿ, ಹುಲ್ಲಿನಲ್ಲಿ ಕಳೆಯುತ್ತದೆ. ನೀವು ವಾರ ವಾರ ಮದ್ದು ಹೊಡೆಯುತ್ತಿರುವುದು ದನದ ಮೈಗೆ ಮಾತ್ರ. ಗೋಡೆಯಲ್ಲಿರುವ ಸೈನ್ಯಕ್ಕೆ ಅದು ತಟ್ಟುವುದೇ ಇಲ್ಲ.

ಆದ್ದರಿಂದ ಮೊದಲು ಹಟ್ಟಿಯ ಕೆಲಸವಾಗಲಿ. ಗೋಡೆಯ ಸಂದಿಗಳನ್ನು ಸಿಮೆಂಟು ಅಥವಾ ಸುಣ್ಣದ ಗಾರೆಯಿಂದ ಮುಚ್ಚಿ, ನೆಲದಿಂದ ಆಳೆತ್ತರದವರೆಗಾದರೂ ಸುಣ್ಣ ಬಳಿಯಿರಿ. ಹಾಸಿದ ಸೊಪ್ಪನ್ನು ಹಟ್ಟಿಯಲ್ಲೇ ಬಹಳ ದಿನ ಉಳಿಸಿಕೊಳ್ಳದೆ ಗೊಬ್ಬರದ ಗುಂಡಿಗೆ ಸಾಗಿಸಿ, ಅಲ್ಲಿ ರಾಶಿ ಬಿಸಿಯೇರಿ ಕೊಳೆಯುವಂತೆ ನೋಡಿಕೊಳ್ಳಿ. ಆ ಬಿಸಿಗೆ ಮೊಟ್ಟೆ, ಮರಿಗಳು ನಾಶವಾಗುತ್ತವೆ. ಕೆಲವರು ಗೋಡೆಯ ಸಂದಿಗೆ ಬೆಂಕಿಯ ಜ್ವಾಲೆ ಹಿಡಿಯುತ್ತಾರೆ. ಕಾಂಕ್ರೀಟು ಹಟ್ಟಿಗೆ ಅದು ಒಳ್ಳೆಯ ಉಪಾಯವೇ ಆದರೂ, ಸೋಗೆ ಅಥವಾ ಮರದ ಮಾಡು ಇರುವಲ್ಲಿ ಖಂಡಿತ ಬೇಡ. ದನದ ಮೈಗೆ ಮದ್ದು ಹಾಕಿದ ದಿನವೇ ಹಟ್ಟಿಯ ಗೋಡೆಗೂ ನೆಲಕ್ಕೂ ಸಿಂಪಡಿಸಬೇಕು. ಹಟ್ಟಿಯ ಸುತ್ತ ಊರಿನ ಕೋಳಿಗಳನ್ನು ಬಿಡುವ ಹಳೆಯ ರೂಢಿಯೂ ಒಳ್ಳೆಯದೇ, ಅವು ಬಿದ್ದ ಉಣುಗುಗಳನ್ನು ಹೆಕ್ಕಿ ತಿನ್ನುತ್ತವೆ. ಕೈಯಿಂದ ಕಿತ್ತ ಉಣುಗುಗಳನ್ನು ಅಂಗಳಕ್ಕೆ ಎಸೆಯಬೇಡಿ, ಬೆರಳಲ್ಲಿ ಹಿಸುಕಲೂ ಬೇಡಿ. ಸೀಮೆಎಣ್ಣೆಗೋ ಕುದಿನೀರಿಗೋ ಹಾಕಿ.

ಇನ್ನು ಮದ್ದಿನ ವಿಚಾರ. ಡೆಲ್ಟಾಮೆಥ್ರಿನ್‌ನಿಂದ ಸೈಪರ್‌ಮೆಥ್ರಿನ್‌ಗೆ ಹೋದದ್ದು ಬದಲಾವಣೆಯೇ ಅಲ್ಲ, ಎರಡೂ ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿಗೆ ಸೇರಿದವು. ಬೆನ್ನ ಮೇಲೆ ಸುರಿಯುವ ಫ್ಲೂಮೆಥ್ರಿನ್ ಕೂಡ ಅದೇ ಗುಂಪು. ದೇಶದ ಹಲವು ರಾಜ್ಯಗಳಲ್ಲಿ ದನದ ಉಣುಗುಗಳು ಈ ಗುಂಪಿನ ಮದ್ದಿಗೆ ಬಗ್ಗದಂತಾಗಿವೆ. ನಿಮ್ಮ ಮೃಗಾಸ್ಪತ್ರೆಯ ವೈದ್ಯರೊಡನೆ ಮಾತಾಡಿ ಬೇರೆ ಗುಂಪಿನ ಅಮಿಟ್ರಾಜ್‌ಗೆ ಬದಲಾಯಿಸಿ, ಶೇ. 12.5ರ ದ್ರಾವಣವಾದರೆ ಲೀಟರ್ ನೀರಿಗೆ 2 ಮಿಲಿಲೀಟರ್ ಸಾಕು. ನಿಮ್ಮ ಕಡೆ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ, ಅಂಗಡಿಯಲ್ಲೇ ಔಷಧಿಯ ಹೆಸರು, ಶೇಕಡಾ ಪ್ರಮಾಣ, ಲೀಟರ್ ನೀರಿಗೆ ಎಷ್ಟು ಎಂಬ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ದನಕ್ಕೆ ಬಳಸುವ ಡೆಲ್ಟಾಮೆಥ್ರಿನ್ ಶೇ. 1.25ರದ್ದು; ಬೆಳೆಗೆ ಸಿಂಪಡಿಸುವ ಶೇ. 2.8ರದ್ದನ್ನು ಅಗ್ಗವೆಂದು ದನಕ್ಕೆ ಬಳಸುವುದು ಅಪಾಯ.

ಬಟ್ಟೆ ಅದ್ದಿ ಕುತ್ತಿಗೆಗೆ ಒರೆಸಿದರೆ ಸಾಲದು. ದೊಡ್ಡ ಹಸುವೊಂದಕ್ಕೆ ಮೂರರಿಂದ ಐದು ಲೀಟರ್ ದ್ರಾವಣ ಬೇಕಾಗುತ್ತದೆ. ಕಿವಿಯ ಒಳಮೈ, ಗಂಗೆದೊಗಲು, ತೊಡೆಯ ಸಂದಿ, ಕೆಚ್ಚಲಿನ ಹಿಂಭಾಗ, ಬಾಲದ ಬುಡ ಇವೆಲ್ಲ ಚೆನ್ನಾಗಿ ನೆನೆಯಬೇಕು, ಕಣ್ಣು ಬಾಯಿಗೆ ತಾಗಬಾರದು. ದನಕ್ಕೆ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಮಳೆಯಿಲ್ಲದ ಬೆಳಗ್ಗೆ ಸಿಂಪಡಿಸಿ, ಮೈ ಒಣಗುವವರೆಗೆ ನೆಕ್ಕದಂತೆ ಕಟ್ಟಿಹಾಕಿ. ನೀವೂ ಮೂಗಿಗೆ ಬಟ್ಟೆ, ಕೈಗೆ ಗವಸು ಹಾಕಿಕೊಳ್ಳಿ. ಹದಿನೈದರಿಂದ ಇಪ್ಪತ್ತು ದಿನಗಳ ಅಂತರದಲ್ಲಿ ಎರಡು ಮೂರು ಸಲ ಹೀಗೆ ಮಾಡುವುದು ವಾರಕ್ಕೊಮ್ಮೆ ಅರೆಬರೆ ಹೊಡೆಯುವುದಕ್ಕಿಂತ ಎಷ್ಟೋ ಮೇಲು. ತೊಳೆದ ನೀರು ತೋಟದ ಕೆರೆಗೆ ಇಳಿಯದಿರಲಿ, ಮೀನಿಗೆ ಇವು ವಿಷ. ತೋಟದಲ್ಲಿ ಜೇನುಪೆಟ್ಟಿಗೆ ಇದ್ದರೆ ಆ ಬದಿಗೆ ಪೈರೆಥ್ರಾಯ್ಡ್ ಸಿಂಪಡಿಸಲೇಬೇಡಿ.

ಕಾಫಿ ಬಣ್ಣದ ಮೂತ್ರ ಬಬೇಸಿಯಾ ಎಂಬ ರಕ್ತಪರೋಪಜೀವಿಯ ಲಕ್ಷಣ. ಉಣುಗಿನ ಮೂಲಕ ದನಕ್ಕೆ ಈ ರೋಗ ಹರಡುತ್ತದೆ ಎಂಬುದನ್ನು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1893ರಲ್ಲೇ ತೋರಿಸಿಕೊಟ್ಟಿದ್ದರು. ಹಾಗೆಯೇ ಬೇರೊಂದು ಜಾತಿಯ ಉಣುಗು ಹರಡುವ ಥೈಲೇರಿಯಾ ಎಂಬ ರೋಗದಲ್ಲಿ ಭುಜದ ಮುಂದಿನ ಗಂಟು ಊದಿಕೊಂಡು, ಜ್ವರ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಎರಡಕ್ಕೂ ಮದ್ದು ಇದೆ, ಆದರೆ ಬೇರೆ ಬೇರೆ. ರಕ್ತ ಪರೀಕ್ಷೆಯಿಲ್ಲದೆ ಊಹೆಯ ಮೇಲೆ ಕೊಡುವಂಥದ್ದಲ್ಲ. ಜ್ವರ ಬಂದು ಮೇವು ಬಿಟ್ಟ ಮಿಶ್ರತಳಿ ಹಸುವನ್ನು ಮರುದಿನ ನೋಡೋಣವೆಂದು ಬಿಡಬೇಡಿ. ದೂರದ ಹಳ್ಳಿಯವರು 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು.

ನಿಮ್ಮ ಗಿಡ್ಡ ದನದ ವಿಚಾರ ಸರಿಯಾಗಿಯೇ ಗಮನಿಸಿದ್ದೀರಿ. ನಮ್ಮ ನಾಡತಳಿಗಳಿಗೆ ಉಣುಗನ್ನು ತಡೆಯುವ ಶಕ್ತಿ ವಿದೇಶಿ ತಳಿಗಳಿಗಿಂತ ಹೆಚ್ಚು. ಅವುಗಳ ಚರ್ಮದಲ್ಲಿ ಉಣುಗಿನ ಮರಿಗಳು ನೆಲೆಯೂರುವುದು ಕಷ್ಟ. ತಳಿಯ ಆಯ್ಕೆಯ ಸಮಯದಲ್ಲಿ ಹಾಲಿನ ಲೆಕ್ಕದ ಜೊತೆಗೆ ಮದ್ದಿನ ಲೆಕ್ಕವನ್ನೂ ಹಾಕುವವರು ಹೆಚ್ಚಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಇದೇ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆಯೇ? — ಓದುಗರು, ಮುಳ್ಳೇರಿಯ

ಉತ್ತರ: ಹಟ್ಟಿಯ ದನಗಳಲ್ಲಿ ಸಾಮಾನ್ಯವಾಗಿ ಕಾಣುವ ಉಣುಗು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಭಾಗದಲ್ಲಿ ಗುರುತಿಸಲಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಹಿಮಫೈಸಾಲಿಸ್ ಎಂಬ ಕಾಡಿನ ಉಣುಗು. ಆದರೆ ಬೆಳೆದ ಕಾಡುಣುಗು ಕಾಡಿಗೆ ಮೇಯಲು ಹೋದ ದನದ ಮೈಯನ್ನೂ ಏರುವುದರಿಂದ, ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ದನ ಬಿಡಬಾರದು, ಸೊಪ್ಪು ತರಲು ಹೋಗಬಾರದು, ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

ಪ್ರಶ್ನೆ: ನಮ್ಮದು ಮಾಡಗ್ಯಾಳ ಕುರಿಗಳ ಹಿಂಡು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕುಡಿಸಿದರೂ ಗದ್ದದ ಕೆಳಗೆ ನೀರು ತುಂಬಿ ಕುರಿ ಸಾಯುತ್ತವೆ. ಭೇದಿಯೂ ಇಲ್ಲ. ಡೋಸ್ ಹೆಚ್ಚಿಸಬೇಕೆ? — ಓದುಗರು, ಜತ್ತ ತಾಲೂಕು

ಉತ್ತರ: ಈಗ ಸತ್ತ ಕುರಿಯ ನಾಲ್ಕನೆಯ ಹೊಟ್ಟೆಯನ್ನು ಪಶುವೈದ್ಯರ ಎದುರಿಗೆ ಸೀಳಿಸಿ ನೋಡಿ. ಒಳಪೊರೆಗೆ ಅಂಟಿಕೊಂಡು ಎರಡು ಮೂರು ಸೆಂಟಿಮೀಟರ್ ಉದ್ದದ, ಕೆಂಪು ಬಿಳಿ ಎಳೆಗಳನ್ನು ಹುರಿ ಹೊಸೆದಂತೆ ಕಾಣುವ ಹುಳುಗಳಿದ್ದರೆ ಅದು ಹಿಮಾಂಕಸ್ ಎಂಬ ರಕ್ತ ಹೀರುವ ಜಂತು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ಮೂವತ್ತು ಕಿಲೋ ತೂಕದ ಕುರಿಯ ಮೈಯಲ್ಲಿರುವ ರಕ್ತವೇ ಎರಡು ಲೀಟರಿನಷ್ಟು ಎಂದಮೇಲೆ, ಭೇದಿಯಿಲ್ಲದೆಯೇ ಅದು ರಕ್ತಹೀನತೆಯಿಂದ ಏಕೆ ಸಾಯುತ್ತದೆ ಎಂಬುದು ಸ್ಪಷ್ಟ. ಗದ್ದದ ಕೆಳಗಿನ ನೀರು ಯಕೃತ್ತಿನ ಚಪ್ಪಟೆಹುಳುವಿನಿಂದಲೂ ಬರುತ್ತದೆ, ಆದುದರಿಂದ ಹಿಕ್ಕೆ ಪರೀಕ್ಷೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಹಿಮಾಂಕಸ್ ಎಂದೇ ಖಚಿತವಾದರೆ, ನಿಮ್ಮ ಹಿಂಡಿನ ಹುಳುಗಳು ಅಲ್ಬೆಂಡಜೋಲ್‌ಗೆ ಒಗ್ಗಿಹೋಗಿರುವ ಸಾಧ್ಯತೆ ಬಹಳ. ಅದನ್ನು ಪರೀಕ್ಷಿಸುವ ದಾರಿ ಸರಳವಾಗಿದೆ: ಹತ್ತರಿಂದ ಹದಿನೈದು ಕುರಿಗಳ ಹಿಕ್ಕೆಯಲ್ಲಿ ಮೊಟ್ಟೆಗಳನ್ನು ಎಣಿಸಿ, ಔಷಧಿ ಕುಡಿಸಿ, ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಅದೇ ಕುರಿಗಳಲ್ಲಿ ಮತ್ತೆ ಎಣಿಸಬೇಕು. ಮೊಟ್ಟೆಗಳು ಶೇ. 95ರಷ್ಟಾದರೂ ಇಳಿಯದಿದ್ದರೆ ಆ ಔಷಧಿ ಸೋತಿದೆ. ಫೆನ್‌ಬೆಂಡಜೋಲ್ ಅದರ ಒಡಹುಟ್ಟಿನಂಥದು, ಅದಕ್ಕೆ ಬದಲಾಯಿಸಿ ಲಾಭವಿಲ್ಲ. ಲೆವಾಮಿಸೋಲ್, ಕ್ಲೋಸಂಟೆಲ್, ಐವರ್‌ಮೆಕ್ಟಿನ್ ಬೇರೆ ಬೇರೆ ಗುಂಪಿನವು, ವೈದ್ಯರು ಆರಿಸಲಿ. ಡೋಸ್ ಹೆಚ್ಚಿಸಬೇಕೆ ಎಂದು ಕೇಳಿದ್ದೀರಿ. ತೂಕ ನೋಡದೆ ಹೆಚ್ಚಿಸಬೇಡಿ: ಕ್ಲೋಸಂಟೆಲ್ ಮಿತಿಮೀರಿದರೆ ಕುರಿಗಳು ಕುರುಡಾಗುತ್ತವೆ, ಲೆವಾಮಿಸೋಲ್ ಹೆಚ್ಚಾದರೆ ನಡುಕ ಬಂದು ಸಾಯಬಹುದು, ಅಲ್ಬೆಂಡಜೋಲ್ ಅನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಟ್ಟರೆ ಮರಿಗೆ ಊನವಾಗುವ ಭಯವಿದೆ. ಕಡಿಮೆ ಕುಡಿಸುವುದೂ ಅಷ್ಟೇ ಕೆಟ್ಟದ್ದು, ಏಕೆಂದರೆ ಅರ್ಧ ಡೋಸಿಗೆ ಸಾಯದ ಹುಳುವೇ ಮುಂದಿನ ಸಂತತಿಯನ್ನು ಬೆಳೆಸುತ್ತದೆ. ಒಂದೇ ವಯಸ್ಸಿನ ಗುಂಪಿನಲ್ಲಿ ಅತಿ ಭಾರದ ಕುರಿಯನ್ನು ತಕ್ಕಡಿಗೆ ಹಾಕಿ ಆ ತೂಕದ ಲೆಕ್ಕದಲ್ಲಿ ಎಲ್ಲಕ್ಕೂ ಕುಡಿಸಿ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಿ; ತಲೆಯನ್ನು ಮೇಲೆತ್ತಿ ಹಿಡಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಕುಡಿಸುವ ಪದ್ಧತಿಯನ್ನೇ ನಿಲ್ಲಿಸಬೇಕು. ದಕ್ಷಿಣ ಆಫ್ರಿಕದ ಪಶುವೈದ್ಯರು ರೂಪಿಸಿದ ಫಮಾಚ ಎಂಬ ವಿಧಾನದಲ್ಲಿ ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿ, ಒಳಪೊರೆಯ ಬಣ್ಣವನ್ನು ಐದು ದರ್ಜೆಗಳ ಚಿತ್ರದೊಡನೆ ಹೋಲಿಸುತ್ತಾರೆ. ದಟ್ಟ ಕೆಂಪು ಇದ್ದುದಕ್ಕೆ ಔಷಧಿ ಬೇಡ; ಬಿಳಿಚಿಕೊಂಡದ್ದಕ್ಕೆ ಕೂಡಲೇ ಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹಗಲು ಬೆಳಕಿನಲ್ಲಿ ಇದನ್ನು ನೋಡಿದರೆ ಕಲಿತ ಕಣ್ಣಿಗೆ ಒಂದೊಂದು ಕುರಿಗೆ ಕ್ಷಣಗಳು ಸಾಕು. ಔಷಧಿ ಕಾಣದ ಕುರಿಗಳಲ್ಲಿ ಉಳಿಯುವ ದುರ್ಬಲ ಹುಳುಗಳು ಹಟಮಾರಿ ಹುಳುಗಳೊಡನೆ ಬೆರೆತು, ಔಷಧಿಯ ಶಕ್ತಿ ಬೇಗ ಕುಂದದಂತೆ ತಡೆಯುತ್ತವೆ.

ನಿಮ್ಮ ಭಾಗದ ಬಿಸಿಲು ಇಲ್ಲಿ ನಿಮಗೆ ಸಹಾಯಕ. ಕೆಂಡದಂಥ ಬೇಸಿಗೆಯಲ್ಲಿ ಬಯಲಿನ ಮರಿಹುಳುಗಳು ಒಣಗಿ ಸಾಯುತ್ತವೆ. ಮಳೆ ಬಿದ್ದ ಮೇಲೆ ನಾಲ್ಕೇಳು ದಿನಗಳಲ್ಲಿ ಮೊಟ್ಟೆ ಸೋಂಕು ತಗಲಿಸುವ ಮರಿಯಾಗಿ ಹುಲ್ಲಿನ ತುದಿಗೆ ಏರುತ್ತದೆ. ಇಬ್ಬನಿ ಆರಿದ ಮೇಲೆಯೇ ಕುರಿ ಬಿಡುವುದು, ಕೆರೆಯಂಗಳದ ಎಳೆಹುಲ್ಲನ್ನು ಮಳೆಗಾಲದಲ್ಲಿ ತಪ್ಪಿಸುವುದು, ಒಂದೇ ಬಯಲಿನಲ್ಲಿ ಹುಲ್ಲು ನೆಲ ಮಟ್ಟವಾಗುವವರೆಗೆ ಮೇಯಿಸದಿರುವುದು ಇವು ಮೂರೂ ಖರ್ಚಿಲ್ಲದ ಕ್ರಮಗಳು.

ಪ್ರಶ್ನೆ: ಎಮ್ಮೆಯ ಕರುಗಳು ಹುಟ್ಟಿದಾಗ ಚೆನ್ನಾಗಿದ್ದು, ತಿಂಗಳೊಳಗೆ ಹೊಟ್ಟೆ ಉಬ್ಬಿ, ಜೇಡಿಮಣ್ಣಿನಂಥ ವಾಸನೆಯ ಸಗಣಿ ಹಾಕಿ ಸಾಯುತ್ತವೆ. ಮೇವೇ ತಿನ್ನದ ಕರುವಿಗೆ ಹುಳು ಹೇಗೆ ಬರುತ್ತದೆ? — ಓದುಗರು, ಅಕ್ಕಲಕೋಟೆ

ಉತ್ತರ: ತಾಯಿಯ ಹಾಲಿನಿಂದ. ಟಾಕ್ಸೊಕಾರ ಎಂಬ ದುಂಡುಹುಳುವಿನ ಮರಿಗಳು ಎಮ್ಮೆಯ ಮಾಂಸಖಂಡ, ಯಕೃತ್ತುಗಳಲ್ಲಿ ಸುಮ್ಮನೆ ಮಲಗಿದ್ದು, ಈದ ಮೇಲೆ ಹಾಲಿನ ಮೂಲಕ ಕರುವನ್ನು ಸೇರುತ್ತವೆ. ಎಮ್ಮೆಗೆ ಜಂತುನಾಶಕ ಕುಡಿಸಿದರೂ ಈ ಮಲಗಿದ ಮರಿಗಳು ಸಾಯುವುದಿಲ್ಲ. ಹಾಗೆಂದು ಗಿಣ್ಣುಹಾಲು ತಪ್ಪಿಸುವುದು ಇನ್ನೂ ದೊಡ್ಡ ಅನಾಹುತ. ಕರುವಿಗೆ ಹತ್ತರಿಂದ ಹದಿನಾಲ್ಕು ದಿನವಾದಾಗ, ಹುಳು ಬಲಿತು ಮೊಟ್ಟೆಯಿಡುವ ಮೊದಲೇ, ವೈದ್ಯರು ತೂಕಕ್ಕೆ ತಕ್ಕಂತೆ ಹೇಳಿದ ಪೈಪರಜಿನ್ ಮುಂತಾದ ಔಷಧಿ ಕೊಡಬೇಕು; ಬಳಿಕ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಈ ಮೊದಲ ಡೋಸಿನ ದಿನವನ್ನು ಕರು ಹುಟ್ಟಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸಗಣಿಯಲ್ಲಿ ರಕ್ತವೂ ಲೋಳೆಯೂ ಇದ್ದರೆ ಅದು ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರೋಪಜೀವಿ ಇರಬಹುದು, ಅದಕ್ಕೆ ಹುಳುವಿನ ಔಷಧಿ ನಾಟುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಕಾರ್ ಎತ್ತು ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ, ಮೂಗಿನಲ್ಲಿ ಕೀವು ರಕ್ತ ಬರುತ್ತದೆ. ಶೀತದ ಔಷಧಿಯಿಂದ ವಾಸಿಯಾಗಿಲ್ಲ. — ಓದುಗರು, ಡೆಂಕಣಿಕೋಟೆ

ಉತ್ತರ: ಇದು ಗೊರಕೆ ರೋಗವೇ ಇರಬೇಕು. ಮೂಗಿನ ರಕ್ತನಾಳಗಳಲ್ಲಿ ವಾಸಿಸುವ ಶಿಸ್ಟೊಸೋಮ ಜಾತಿಯ ಈ ಹುಳುವನ್ನು ಹಿಂದಿನ ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ ಅವರು 1933ರಲ್ಲಿ ಮೊದಲಿಗೆ ವಿವರಿಸಿದರು. ಮೂಗಿನೊಳಗೆ ಹೂಕೋಸಿನಂಥ ಗಂಟುಗಳು ಬೆಳೆದು ಉಸಿರಿನ ದಾರಿ ಕಟ್ಟಿ, ಗೊರಕೆಯ ಸದ್ದು ಬರುತ್ತದೆ. ಮೂಗಿನ ಸೋರಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ ಮೊಟ್ಟೆಗಳು ಕಾಣುತ್ತವೆ. ಚಿಕಿತ್ಸೆಯಿದೆ, ವೈದ್ಯರೇ ಕೊಡಬೇಕು. ಆದರೆ ಎತ್ತು ಅದೇ ಕೆರೆಗೆ ಇಳಿಯುತ್ತಿದ್ದರೆ ಮತ್ತೆ ತಗಲುತ್ತದೆ: ಮೂಗಿನಿಂದ ನೀರಿಗೆ ಬಿದ್ದ ಮೊಟ್ಟೆಯ ಮರಿ ಚಪ್ಪಟೆ ಸುರುಳಿಯ ಬಸವನಹುಳುವನ್ನು ಹೊಕ್ಕು, ಅಲ್ಲಿ ಬೆಳೆದು ಹೊರಬಂದು, ನೀರಿನಲ್ಲಿ ನಿಂತ ದನದ ಚರ್ಮವನ್ನು ಕೊರೆದು ಒಳಸೇರುತ್ತದೆ. ಕೆರೆಯ ನೀರನ್ನು ಮೊಗೆದು ತೊಟ್ಟಿಯಲ್ಲಿ ಕುಡಿಸಿ, ದಡದ ಜೊಂಡನ್ನು ತೆಗೆಸಿ, ಸಾಧ್ಯವಾದರೆ ಕೆರೆಗೆ ಬಾತುಗಳನ್ನು ಬಿಡಿ. ಅವು ಬಸವನಹುಳುಗಳನ್ನು ತಿನ್ನುತ್ತವೆ. ಇಂತಹ ನೀರು ನಿಂತ ಗದ್ದೆಯಲ್ಲಿ ಕೆಲಸ ಮಾಡುವವರ ಕಾಲಿಗೆ ಬರುವ ತುರಿಕೆಗೂ ಇದೇ ಗುಂಪಿನ ಹುಳುಗಳ ಮರಿಗಳು ಕಾರಣವಾಗುವುದುಂಟು.

ಪ್ರಶ್ನೆ: ಒಂದೆರಡು ವರ್ಷದ ಕುರಿಗಳು ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತುತ್ತವೆ. ಹುಳುವಿನ ಔಷಧಿ ಕುಡಿಸಿದರೂ ಉಪಯೋಗವಿಲ್ಲ. — ಓದುಗರು, ಮಡಕಶಿರಾ

ಉತ್ತರ: ಹಿಂಡಿನ ನಾಯಿಗೆ ಔಷಧಿ ಕುಡಿಸಿದ್ದೀರಾ? ನಾಯಿಯ ಕರುಳಿನ ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಕುರಿಯನ್ನು ಸೇರಿ, ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುವುದರಿಂದ ಈ ಸುತ್ತುವಿಕೆ. ಸಾಮಾನ್ಯ ಜಂತುನಾಶಕ ಕುಡಿಸಿದ ಮಾತ್ರಕ್ಕೆ ಆ ಗುಳ್ಳೆ ಕರಗದು. ಕೆಲವು ಕುರಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಳ್ಳೆ ತೆಗೆಯಲು ಸಾಧ್ಯ. ಸತ್ತ ಅಥವಾ ಕೊಯ್ದ ಕುರಿಯ ತಲೆಯನ್ನು ನಾಯಿಗೆ ಎಸೆಯುವುದನ್ನು ಇಂದೇ ನಿಲ್ಲಿಸಿ, ಸುಡಿ ಅಥವಾ ಆಳವಾಗಿ ಹೂಳಿ. ಮೂರು ತಿಂಗಳಿಗೊಮ್ಮೆ ನಾಯಿಗಳಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿಸಿ. ಪಕ್ಕದ ಹಿಂಡಿನವರೂ ಕೈಜೋಡಿಸಿದರೆ ಮಾತ್ರ ಇದು ಫಲ ಕೊಡುತ್ತದೆ, ಏಕೆಂದರೆ ನಾಯಿಗಳಿಗೂ ಬಯಲಿಗೂ ಬೇಲಿಯಿಲ್ಲ.

ಪ್ರಶ್ನೆ: ಮೇಕೆಗಳ ಕಜ್ಜಿಗೆ ಐವರ್‌ಮೆಕ್ಟಿನ್ ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡಿತು. ಹಾಲು ಕೊಡುವ ಹಸುವಿಗೂ ಉಣ್ಣೆ (ಉಣುಗು), ಹುಳು ಎರಡಕ್ಕೂ ಸೇರಿಸಿ ಅದನ್ನೇ ಹಾಕಿಸಬಹುದೇ? — ಓದುಗರು, ತಾಳವಾಡಿ

ಉತ್ತರ: ಬೇಡ. ಐವರ್‌ಮೆಕ್ಟಿನ್ ಅಮೂಲ್ಯವಾದ ಔಷಧಿ. ಅದರ ಮೂಲವಸ್ತುವನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿದೆ. ಆದರೆ ಚುಚ್ಚುಮದ್ದಿನ ಅಂಶ ಹಾಲಿನಲ್ಲಿ ವಾರಗಟ್ಟಲೆ ಇಳಿಯುವುದರಿಂದ, ಜನ ಕುಡಿಯುವ ಹಾಲು ಕೊಡುವ ಹಸುವಿಗೆ ಅದು ಸಲ್ಲದು. ಸಗಣಿಯಲ್ಲಿ ಉಳಿಯುವ ಅಂಶ ಸಗಣಿ ಹುಳುಗಳಿಗೂ ಮಾರಕ. ಕರೆಯುವ ಹಸುವಿಗೆ ಸೂಕ್ತವಾದ ಬೇರೆ ಔಷಧಿಗಳಿವೆ. ಪ್ರತಿ ಸಲ ಎಷ್ಟು ದಿನ ಹಾಲು ಬಿಡಬೇಕೆಂದು ಬಾಟಲಿಯ ಮೇಲೆ ನೋಡಿ. ಮೇಕೆಗಳಿಗೆ ಎರಡು ವಾರ ಬಿಟ್ಟು ಎರಡನೆಯ ಚುಚ್ಚುಮದ್ದು ಹಾಕಿಸಿದಿರಾ? ಒಂದೇ ಸಲಕ್ಕೆ ನಿಲ್ಲಿಸಿದರೆ ಕಜ್ಜಿ ಮರಳುತ್ತದೆ.

ಪ್ರಶ್ನೆ: ಸಗಣಿ ಪರೀಕ್ಷೆಗೆ ಮಾದರಿ ಒಯ್ಯುವುದು ಹೇಗೆ? — ಓದುಗರು, ಪೆರ್ಲ

ಉತ್ತರ: ನೆಲಕ್ಕೆ ಬಿದ್ದು ಹೊತ್ತಾದದ್ದು ಬೇಡ. ಬೆಳಗ್ಗೆ ದನ ಸಗಣಿ ಹಾಕಿದ ಕೂಡಲೇ, ನೆಲ ತಾಗದ ಮೇಲುಭಾಗದಿಂದ ನಿಂಬೆಹಣ್ಣಿನ ಗಾತ್ರದಷ್ಟು ತೆಗೆದು ಸ್ವಚ್ಛವಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ. ಬಿಸಿಯಲ್ಲಿ ಒಂದೇ ದಿನಕ್ಕೆ ಮೊಟ್ಟೆಗಳು ಒಡೆಯುವುದರಿಂದ ಅದೇ ದಿನ ಆಸ್ಪತ್ರೆಗೆ ತಲುಪಿಸಿ. ತಡವಾಗುವುದಾದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಐಸ್ ಆಗುವಲ್ಲಿ ಇಡಬೇಡಿ. ಡಬ್ಬಿಯ ಮೇಲೆ ದನದ ವಯಸ್ಸು, ಹಿಂದಿನ ಸಲ ಕೊಟ್ಟ ಔಷಧಿಯ ಹೆಸರು ಮತ್ತು ಕೊಟ್ಟ ದಿನಾಂಕ ಬರೆದಿರಲಿ.